ಬ್ಯಾಟರಿ ಉಳಿಸಿ ಓದಿದ ಇಪ್ಪತ್ತಮೂರು ಪುಟ

ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಸಂಡಿಗೆ ಅಂದರೆ ಎರಡು ಸೀರೆಯ ಕೆಲಸ. ಕೆಳಗೊಂದು ಹಾಸಬೇಕು, ಮೇಲೊಂದು ಹೊದಿಸಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಅದಿರಿನ ಲಾರಿಗಳ ದೂಳು ಕೂತು ಬಿಳಿ ಸಂಡಿಗೆ ಕಾವಿ ಬಣ್ಣಕ್ಕೆ ತಿರುಗಿರುತ್ತಿತ್ತು. ಅವತ್ತು ಗಾಳಿ ಸಂಡೂರಿನ ಕಡೆಯಿಂದ ಬೀಸದೆ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಇಷ್ಟಾದರೂ ಕರುಣಿಸಿದೆಯಲ್ಲಪ್ಪ ಅಂದುಕೊಂಡು ಕೊನೆಯ ಸಾಲು ಇಡುವಷ್ಟರಲ್ಲಿ ಕೆಳಗೆ ಫೋನು ಬಂತು. ಅತ್ತೆ ಮೆಟ್ಟಿಲ ಬುಡದಿಂದ ಕೂಗಿದರು.

“ಬುಕ್ಕಸಾಗರದ ಟೀಚರಮ್ಮ. ಜಲ್ದಿ ಬಾ, ಆಕಿ ದನಿ ಒಂಥರಾ ಐತಿ.”

ಹಿಟ್ಟಿನ ಕೈಯಲ್ಲೇ ಇಳಿದು ರಿಸೀವರ್ ಹಿಡಿದೆ.

“ಬರೋ ತಿಂಗಳ ಅಂದಿದ್ರಲ್ಲ ತಂಗಿ, ಕಣ್ಣಿನ ಆಪರೇಷನ್ ಈ ಸೋಮವಾರನ ಮಾಡ್ತಾರಂತ. ಐತವಾರ ಬಳ್ಳಾರಿಗೆ ಬಂದು ಅಡ್ಮಿಟ್ ಆಗ್ರಿ ಅಂದ್ರು.”

“ಒಳ್ಳೇದಾತಲ್ರಿ ಟೀಚರಮ್ಮ.”

“ಒಳ್ಳೇದ. ಡಾಕ್ಟರು ಖರೇ ಮನುಷ್ಯ. ಇದ್ದ ನೋಟ ಉಳಿಸಾಕ ನೋಡ್ತೀನಿ, ಅಕ್ಷರ ಓದೋ ನೋಟ ಉಳೀತೈತಿ ಅಂತ ಮಾತು ಕೊಡಾಂಗಿಲ್ಲ ಅಂದ. ನನ್ನ ಪುಸ್ತಕ ನಾನ ಓದಿ ಮುಗಿಸ್ಬೇಕು. ಇನ್ನ ನಲವತ್ತೆಂಟು ಪುಟ ಅದಾವು. ನಾಳೆ ಬರ್ತೀ?”

ಬರುತ್ತೇನೆ ಅಂದೆ. ಅವತ್ತು ಬುಧವಾರ.

ಟೀಚರಮ್ಮ ನನಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ನಲವತ್ತು ವರ್ಷ ಯಾವ ಊರಿಗೆ ವರ್ಗವಾದರೂ ಅಲ್ಲಿನ ಬಾಣಂತಿಯರ ಮನೆಗೆ ಹೋಗಿ, ಎಷ್ಟನೆಯ ದಿನ ಏನು ಉಣ್ಣಿಸುತ್ತಾರೆ, ಯಾವ ಮದ್ದಿಗೆ ಏನು ಎಷ್ಟು ಹಾಕುತ್ತಾರೆ ಅಂತ ಕೇಳಿ ಬರೆದಿಟ್ಟವರು. ಆ ನೋಟ್‌ಬುಕ್ಕುಗಳೆಲ್ಲ ಸೇರಿ ನೂರ ಅರವತ್ತು ಪುಟದ ಪುಸ್ತಕವಾಗಿತ್ತು. ಟೈಪ್ ಮಾಡಿದ್ದು ನಾನು, ಮಧ್ಯಾಹ್ನದ ಹೊತ್ತು, ಅಡುಗೆಮನೆಯ ಕಟ್ಟೆಯ ಮೇಲೆ. ಶನಿವಾರ ಸಂಜೆಯೊಳಗೆ ಕೊಟ್ಟರೆ ಯುಗಾದಿಗೆ ಮುಂಚೆ ಅಚ್ಚು ಹಾಕುತ್ತೇನೆ, ಆಮೇಲೆ ಮದುವೆ ಕಾರ್ಡುಗಳ ಕಾಲ, ಎರಡು ತಿಂಗಳು ಕೈ ಖಾಲಿ ಇರುವುದಿಲ್ಲ ಎಂದು ಪ್ರೆಸ್ಸಿನವರು ಹೇಳಿದ್ದರು.

ಟೀಚರಮ್ಮನಿಗೆ ಕಾಗದದ ಮೇಲಿನ ಅಕ್ಷರ ಆಗಲೇ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ, ಒಳಗೆ ಒತ್ತಡ ಬೇರೆ. ಆದರೆ ಲ್ಯಾಪ್‌ಟಾಪಿನ ಪರದೆಯ ಬೆಳಕು ಪೂರ್ತಿ ಏರಿಸಿ, ಅಕ್ಷರವನ್ನು ನಾಲ್ಕು ಬೆರಳು ಎತ್ತರ ಮಾಡಿದರೆ ಓದುತ್ತಿದ್ದರು. ಪುಸ್ತಕದ ಒಂದು ಪುಟ ಪರದೆಯ ಮೇಲೆ ಹತ್ತಾರು ಸಲ ಸರಿಸುವಷ್ಟಾಗುತ್ತಿತ್ತು. ಹಾಗೇ ಓದಿ ನೂರ ಹನ್ನೆರಡು ಪುಟ ಮುಗಿಸಿದ್ದರು.

ನಾನು ಓದಿ ಹೇಳುತ್ತೇನೆ ಅಂದರೆ ಒಪ್ಪುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಒಂದು ಕಡೆ ಅವರು “ಮೆಣಸು ಅರ್ಧ ತೊಲ” ಅಂತ ಬರೆದಿದ್ದರು, ನಾನು “ಅರ್ಧ ಪಾವು” ಅಂತ ಟೈಪ್ ಮಾಡಿದ್ದೆ. ಎರಡು ಸಲ ಜೋರಾಗಿ ಓದಿದ್ದೆ, ನನಗೆ ಗೊತ್ತಾಗಿರಲಿಲ್ಲ. ಅವರು ಪರದೆಯ ಮೇಲೆ ನೋಡಿದ್ದೇ ಬೆರಳಿಟ್ಟರು. “ಅರ್ಧ ಪಾವು ಮೆಣಸು ತಿಂದ್ರ ಬಾಣಂತಿ ತೊಟ್ಟಲ ಬಿಟ್ಟು ಹೊಳಿಗೆ ಓಡ್ತಾಳ.” ಆಮೇಲೆ ನಾನು ಓದಿ ಹೇಳುವ ಮಾತು ಎತ್ತಲಿಲ್ಲ.

ಗುರುವಾರ ಮನೆಯ ಕೆಲಸ ಮುಗಿಸಿ ಕಂಪ್ಲಿ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವರನ್ನೇ ಹೊಸಪೇಟೆಗೆ ಕರೆಸುವ ಹಾಗಿರಲಿಲ್ಲ, ಆಪರೇಷನ್ ಆಗುವವರೆಗೆ ದೂಳಿಗೆ ಕಾಲಿಡಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆ ಬೇಸಿಗೆ ಬುಕ್ಕಸಾಗರದಲ್ಲಿ ಬೆಳಿಗ್ಗೆ ಏಳಕ್ಕೆ ಹೋದ ಕರೆಂಟು ಸಂಜೆ ನಾಲ್ಕಕ್ಕೆ ಬರುತ್ತಿತ್ತು. ಮಧ್ಯಾಹ್ನ ಕಣ್ಣಿಗೆ ಹನಿ ಹಾಕಿದರೆ ಟೀಚರಮ್ಮನಿಗೆ ಉಳಿದ ದಿನವೆಲ್ಲ ಮಂಜು. ಹೀಗಾಗಿ ನಮಗಿದ್ದದ್ದು ಬೆಳಗಿನ ಹೊತ್ತು ಮತ್ತು ಒಂದು ಬ್ಯಾಟರಿ. ಇಷ್ಟು ದಿನ ವಾರಕ್ಕೊಂದು ಸಲ ಹೋಗಿ ಬ್ಯಾಟರಿ ಇರುವಷ್ಟು ಓದಿಸಿ ಬರುತ್ತಿದ್ದೆ, ಅವಸರವಿರಲಿಲ್ಲ.

ಅವತ್ತು ಮೊದಲ ಸಲ ಗಡಿಯಾರ ನೋಡುತ್ತ ಕೂತೆ. ಐವತ್ತೈದು ನಿಮಿಷಕ್ಕೆ ಪರದೆ ಕಪ್ಪಾಯಿತು. ಓದಿದ್ದು ಹನ್ನೆರಡು ಪುಟ.

“ಇನ್ನ ಮೂವತ್ತಾರು. ಎರಡ ದಿನ,” ಅಂದರು ಟೀಚರಮ್ಮ. “ನೀ ಐದನೇ ಕ್ಲಾಸಿನಾಗ ಲೆಕ್ಕದಾಗ ಹಿಂದಿದ್ದಿ. ಹೇಳು, ಸಾಲ್ತೈತೇನು?”

ಸಾಲುವುದಿಲ್ಲ ಎನ್ನುವುದು ನನಗೂ ಗೊತ್ತಾಯಿತು.

ಲ್ಯಾಪ್‌ಟಾಪು ನನ್ನ ಮೈದುನನದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾನೆ. ವೈರಸ್ಸಿನ ಕಾಟಕ್ಕೆ ಬೇಸತ್ತು ಅದರೊಳಗೆ ಲಿನಕ್ಸ್ ಎನ್ನುವ ಬೇರೆ ವ್ಯವಸ್ಥೆ ಹಾಕಿ, ತಾನು ಹೊಸದು ಕೊಂಡಾಗ ಹಳೆಯದನ್ನು ನನಗೆ ಕೊಟ್ಟಿದ್ದ. ಗುರುವಾರ ಸಂಜೆ ಅವನಿಗೆ ಫೋನು ಮಾಡಿದೆ.

“ಬೆಳಕು ಇಳಿಸ್ರಿ ಅತ್ತಿಗಿ. ಪರದೆನ ಭಾಳ ತಿಂತೈತಿ.”

“ಬೆಳಕು ಇಳಿಸಿದ್ರ ಅವ್ರಿಗೆ ಕಾಣಂಗಿಲ್ಲಪ್ಪ. ಮುಟ್ಟೋ ಹಂಗಿಲ್ಲ.”

“ಹಂಗಾದ್ರ ಪ್ರೊಸೆಸರ್ ಒಂದ ಉಳೀತು. ಅದು ಯಾವಾಗ್ಲೂ ಒಂದ ವೇಗದಾಗ ಓಡ್ಬೇಕಂತೇನಿಲ್ಲ. ಪೆನ್ನು ತಗೋರಿ.”

ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಂಡೆ. ಮೊದಲು ಬ್ಯಾಟರಿಯ ಫೈಲು ತೆರೆಯಬೇಕು. ಅದರಲ್ಲಿ ಒಟ್ಟು ಎಷ್ಟು ತುಂಬಿದೆ, ಈ ಗಳಿಗೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎರಡೂ ಇರುತ್ತದೆ. ತುಂಬಿದ್ದು ಎರಡು ಸಾವಿರದ ನೂರು ಮಿಲಿ ಆಂಪಿಯರ್ ಗಂಟೆ. ಹೊಸದಿದ್ದಾಗ ಅದರ ಎರಡರಷ್ಟು ಇತ್ತಂತೆ, ವಯಸ್ಸಾಗಿತ್ತು. ಖರ್ಚಾಗುತ್ತಿದ್ದದ್ದು ಎರಡು ಸಾವಿರದ ಮುನ್ನೂರರ ಹತ್ತಿರ. ಹಾಗಾದರೆ ಒಂದು ಗಂಟೆಯೂ ಬಾಳುವುದಿಲ್ಲ ಎನ್ನುವುದಕ್ಕೆ ಲೆಕ್ಕದಲ್ಲಿ ಮುಂದಿರಬೇಕಾಗಿಲ್ಲ.

ಆಮೇಲೆ ಪ್ರೊಸೆಸರಿನ ಫೈಲು. ಅದಕ್ಕೆ ಆರು ವೇಗಗಳಿದ್ದವು. ಮೇಲಿನದು ಸಾವಿರದ ಆರುನೂರು ಮೆಗಾಹರ್ಟ್ಸ್, ಕೆಳಗಿನದು ಆರುನೂರು. ಯಾವುದರಲ್ಲಿ ಓಡಬೇಕು ಅಂತ ತೀರ್ಮಾನಿಸುವವನಿಗೆ ಗವರ್ನರ್ ಅಂತ ಹೆಸರು. ನಮ್ಮ ಗವರ್ನರ್ ‘ಪರ್ಫಾರ್ಮೆನ್ಸ್’ ಅಂತ ಬರೆದುಕೊಂಡು ಕೂತಿದ್ದ. ಅಂದರೆ ಕೆಲಸವಿರಲಿ ಬಿಡಲಿ, ಸಾವಿರದ ಆರುನೂರು.

“ಅದನ್ನ ಅಳಿಸಿ ‘ಪವರ್‌ಸೇವ್’ ಅಂತ ಬರೀರಿ. ಕೆಳಗಿನ ವೇಗಕ್ಕ ಇಳಿದು ಅಲ್ಲೇ ಕುಂದ್ರತೈತಿ,” ಅಂದ ಮೈದುನ. “ಇನ್ನೊಂದು ‘ಆನ್‌ಡಿಮಾಂಡ್’ ಅಂತ ಐತಿ. ಬೇಕಾದಾಗ ಏರ್ತೈತಿ, ಬ್ಯಾಡಾದಾಗ ಇಳೀತೈತಿ. ಮೊದ್ಲು ಪವರ್‌ಸೇವ್ ನೋಡ್ರಿ. ನಾಳೆ ನಾನು ಪೇಪರ್ ತಿದ್ದಾಕ ಧಾರವಾಡಕ್ಕ ಹೊಂಟೀನಿ, ಫೋನ್ ಹೊರಗಿಡಿಸ್ತಾರ.”

ಅವನು ಹೇಳಿದಂತೆ ಬರೆದೆ. ಖರ್ಚು ಸಾವಿರದ ಐನೂರಕ್ಕೆ ಇಳಿಯಿತು. ದೇವರ ಮನೆಗೆ ಹೋಗಿ ಕೈ ಮುಗಿದು ಬಂದೆ. ಅತ್ತೆ ಏನು ಸಿಕ್ಕಿತು ಅಂತ ಕೇಳಿದರು. ಅರ್ಧ ಗಂಟೆ ಸಿಕ್ಕಿತು ಅಂದೆ.

ಯಂತ್ರ ನಿಲ್ಲಿಸದೆ, ಮುಚ್ಚಳವಷ್ಟೇ ಮುಚ್ಚಿ ಒಯ್ದಿದ್ದೆ. ಶುಕ್ರವಾರ ಆ ಅರ್ಧ ಗಂಟೆ ಕೈಗೆ ಬಂತು, ಪುಟ ಮಾತ್ರ ಬರಲಿಲ್ಲ. ಅಷ್ಟು ದೊಡ್ಡ ಕನ್ನಡ ಅಕ್ಷರಗಳನ್ನು ಒತ್ತು, ದೀರ್ಘ ಎಲ್ಲ ಸೇರಿಸಿ ಬರೆದು ತೋರಿಸುವುದು ಆರುನೂರರ ವೇಗಕ್ಕೆ ಭಾರವಾಯಿತು. ಗುಂಡಿ ಒತ್ತಿದರೆ ಸಾಲು ತಡೆದು ತಡೆದು ಮೇಲೇರುವುದು, ಅಕ್ಷರದ ಅರ್ಧ ಬಂದು ಉಳಿದರ್ಧಕ್ಕೆ ಕಾಯುವುದು. ಟೀಚರಮ್ಮ ಕಣ್ಣೀರು ಒರೆಸಿಕೊಳ್ಳುತ್ತ ಕಾದರು. ಕಾಯುವುದರಿಂದಲೇ ಕಣ್ಣು ಹೆಚ್ಚು ದಣಿಯುತ್ತಿತ್ತು.

“ನಿನ್ನ ಯಂತ್ರ ಉಪವಾಸ ಐತೇನು ತಂಗಿ? ಏಕಾದಶಿ ದಿನ ನಮ್ಮ ಆಯಾ ಗಂಟಿ ಹೊಡೀತಿದ್ದಂಗ ಆತಿದು.”

ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ಬಾಳಿತು. ಹದಿಮೂರು ಪುಟವಾಯಿತು. ನಿನ್ನೆಗಿಂತ ಒಂದೇ ಒಂದು ಹೆಚ್ಚು. ಉಳಿದದ್ದು ಇಪ್ಪತ್ತಮೂರು ಪುಟ, ಒಂದೇ ಬೆಳಿಗ್ಗೆ. ಹೊರಡುವಾಗ ಟೀಚರಮ್ಮ ನಗಲಿಲ್ಲ. “ಆಗ್ಲಿಲ್ಲಂದ್ರ ಉಳಿದದ್ದು ನೀನ ನೋಡಿ ಕೊಡು. ನಿನ್ನ ಮ್ಯಾಲ ಬಿಟ್ಟೀನಿ,” ಅಂದರು. ಮೆಣಸಿನ ಲೆಕ್ಕ ನೆನೆದು ನನಗೆ ಆ ಮಾತು ಹಿಡಿಸಲಿಲ್ಲ. ಕೊನೆಯ ಇಪ್ಪತ್ತಮೂರು ಪುಟದಲ್ಲೇ ಮದ್ದುಗಳ ಅಳತೆಗಳೆಲ್ಲ ಇದ್ದವು.

ಮನೆಗೆ ಬಂದದ್ದೇ ಚಾರ್ಜಿಗೆ ಹಾಕಿ, ಗವರ್ನರನ್ನು ಆನ್‌ಡಿಮಾಂಡಿಗೆ ಬದಲಿಸಿದೆ. ಪರದೆಯ ಮೂಲೆಯಲ್ಲಿ ವೇಗ ತೋರಿಸುವ ಸಣ್ಣ ಗುರುತೊಂದಿತ್ತು, ಅದನ್ನೇ ನೋಡುತ್ತ ಕೂತೆ. ಏನೂ ಮಾಡದೆ ಕೂತರೆ ಅದು ಇಳಿಯಬೇಕು. ಇಳಿಯಲಿಲ್ಲ. ಸಾವಿರದ ಆರುನೂರಕ್ಕೆ ಏರಿದ್ದು ಅಲ್ಲೇ ನಿಂತಿತು. ತಪ್ಪು ಬರೆದೆನೇನೋ ಅಂತ ಮತ್ತೆ ಬರೆದೆ. ಯಂತ್ರವನ್ನೇ ನಿಲ್ಲಿಸಿ ಮತ್ತೆ ಹಚ್ಚಿದೆ. ಹಚ್ಚಿದ ಮೇಲೆ ನೋಡಿದರೆ ನಾನು ಬರೆದದ್ದು ಅಳಿಸಿಹೋಗಿ ಗವರ್ನರ್ ಪುನಃ ಪರ್ಫಾರ್ಮೆನ್ಸ್ ಆಗಿದ್ದ. ನಿಲ್ಲಿಸಿ ಹಚ್ಚಿದಾಗಲೆಲ್ಲ ಹೊಸದಾಗಿ ಬರೆಯಬೇಕು ಅಂತ ಆಗ ತಿಳಿಯಿತು. ಬರೆದೆ. ಮತ್ತೆ ಸಾವಿರದ ಆರುನೂರು. ಮೈದುನನ ಫೋನು ಬಂದ್ ಆಗಿತ್ತು.

ಐದು ಗಂಟೆಗೆ ನಮ್ಮ ಯಜಮಾನರು ಚಹಾಕ್ಕೆ ಬಂದರು. ಸಂಡೂರು ರಸ್ತೆಯ ಗ್ಯಾರೇಜಿನಲ್ಲಿ ಅವರದು ಲಾರಿಗಳ ಡೀಸೆಲ್ ಪಂಪು ಬಿಚ್ಚಿ ಜೋಡಿಸುವ ಕೆಲಸ. ಆ ಕಾಲಕ್ಕೆ ಉಸಿರಾಡಲು ಪುರಸೊತ್ತಿರಲಿಲ್ಲ, ಚಹಾವನ್ನೂ ನಿಂತೇ ಕುಡಿಯುತ್ತಿದ್ದರು. ನನ್ನ ಮುಖ ನೋಡಿ ಏನು ಅಂದರು.

“ಗವರ್ನರ್ ಕೆಟ್ಟೈತ್ರಿ.”

“ಕಂಪ್ಯೂಟರಿನಾಗೂ ಗವರ್ನರ್ ಐತೇನು?” ಲೋಟ ಹಿಡಿದುಕೊಂಡೇ ಕೂತರು. ಅವರು ಕೂತದ್ದೇ ಒಂದು ಭಾಗ್ಯ. “ಏನ್ ಮಾಡ್ತೈತಿ ಅದು?”

ಹೇಳಿದೆ. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ.

“ನಮ್ಮದೂ ಅದ ಕೆಲಸ ಮಾಡ್ತೈತಿ. ಲೋಡ್ ನೋಡಿ ಎಣ್ಣಿ ಬಿಡ್ತೈತಿ. ನಿಂತ ಲಾರಿ ತಣ್ಣಗ ಗುರುಗುಡ್ಬೇಕು. ನಿಂತಾಗೂ ಎಗರಾಕತ್ತಿದ್ರ ಎಲ್ಲಾ ಡ್ರೈವರ್‌ಗಳು ಗವರ್ನರ್ ಹೋತು ಅಂತ ಬಂದು ನನ್ನ ಮುಂದ ಕುಂದ್ರತಾರ. ಹತ್ರಾಗ ಎಂಟು ಸರ್ತಿ ಗವರ್ನರ್ ಚಲೋ ಇರ್ತೈತಿ. ಎಲ್ಲೋ ಏನೋ ಒಂದು ಕದ್ದು ಎಳೀತಿರ್ತೈತಿ. ಗವರ್ನರ್ ಪಾಪ ಲೋಡ್ ಐತಂತ ಎಣ್ಣಿ ಬಿಡ್ತೈತಿ. ಗವರ್ನರ್ ಬಿಚ್ಚಬ್ಯಾಡ. ಎಳೆಯೋದು ಯಾರು ಅಂತ ಹುಡುಕು.”

ಹೇಳಿ ಲೋಟ ಇಟ್ಟು ಹೋದರು. ನಾನು ಪಂಚಾಂಗದ ಹಾಳೆ ತಿರುವಿದೆ. ಯಾವ ಕೆಲಸ ಎಷ್ಟು ತಿನ್ನುತ್ತಿದೆ ಅಂತ ಪಟ್ಟಿ ತೋರಿಸುವ ‘ಟಾಪ್’ ಎನ್ನುವ ಆಜ್ಞೆಯನ್ನು ಮೈದುನ ಯಾವಾಗಲೋ ಹೇಳಿಕೊಟ್ಟಿದ್ದ. ಹೊಡೆದೆ. ಪಟ್ಟಿಯ ತಲೆಯಲ್ಲಿ, ನೂರಕ್ಕೆ ತೊಂಬತ್ತಮೂರು ಪಾಲು ತಿನ್ನುತ್ತ ಕೂತಿದ್ದ ಹೆಸರು ನೋಡಿ ಕೈ ಕೀಲಿಮಣೆಯ ಮೇಲೇ ನಿಂತಿತು.

ದೀಪ.

ಅದು ನಾನೇ ಕೇಳಿ ಹಾಕಿಸಿಕೊಂಡದ್ದು. ಬಾಣಂತಿ-ಕೂಸಿನ ವಿಷಯದ ಪುಸ್ತಕ, ದೀಪ ಹಚ್ಚದೆ ಹೇಗೆ ಶುರು ಮಾಡುವುದು ಅಂತ ಮೈದುನನಿಗೆ ಹೇಳಿದ್ದೆ. ಅವನು ನಕ್ಕು, ತನ್ನ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆಂದು ಬರೆಸಿದ ಒಂದು ಸಣ್ಣ ಪ್ರೋಗ್ರಾಮು ಹಾಕಿಕೊಟ್ಟಿದ್ದ. ಪರದೆಯ ಬಲ ಮೂಲೆಯಲ್ಲಿ ಹಣತೆ, ಗಾಳಿಗೆ ಅಲ್ಲಾಡುವ ಕುಡಿ. ಯಂತ್ರ ಎದ್ದರೆ ತಾನೇ ಹತ್ತಿಕೊಳ್ಳುವುದು. ಮೊದಲ ಪುಟ ಟೈಪ್ ಮಾಡಿದ ದಿನ ನಾನು ಸಂಕಲ್ಪ ಮಾಡಿದ್ದೆ: ಪುಸ್ತಕ ಮುಗಿಯುವವರೆಗೆ, ಯಂತ್ರ ಎಚ್ಚರವಿರುವಷ್ಟು ಹೊತ್ತು ದೀಪ ಉರಿಯುತ್ತಲೇ ಇರಬೇಕು. ನಾಲ್ಕು ತಿಂಗಳು ಉರಿದಿತ್ತು. ಕುಡಿ ಒಂದು ಸಲ ಅಲ್ಲಾಡಿ ಇನ್ನೊಂದು ಸಲ ಅಲ್ಲಾಡುವ ನಡುವೆ ಸುಮ್ಮನಿರು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಪುರಸೊತ್ತಿಲ್ಲದೆ ಅದೊಂದನ್ನೇ ಬರೆಯುತ್ತ ಕೂತಿತ್ತು. ಅದನ್ನು ತಿದ್ದುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಮುಚ್ಚುವುದು ಗೊತ್ತಿತ್ತು.

ಮುಚ್ಚಲು ಕೈ ಬರಲಿಲ್ಲ. ಹಬ್ಬದ ದಿನ ಗಾಳಿಗೆ ದೀಪ ಕಂದಿದರೂ ಎದೆ ಧಸಕ್ ಅನ್ನುವ ಮನುಷ್ಯಳು ನಾನು. ಅದರಲ್ಲೂ ಕಣ್ಣಿನ ಆಪರೇಷನ್ನಿಗೆ ಮೂರು ದಿನ ಮುಂಚೆ, ಸಂಕಲ್ಪದ ದೀಪ. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಹೋಗಿ ಎದುರಿಗೆ ಕೂತು ಎಲ್ಲ ಹೇಳಿದೆ.

“ಅದು ಯಾವ ಎಣ್ಣಿ ದೀಪ?” ಅಂದರು ಮೊರದಿಂದ ತಲೆಯೆತ್ತದೆ.

“ಎಣ್ಣಿ ಇಲ್ರಿ. ಬ್ಯಾಟರಿದು.”

“ಬ್ಯಾಟರಿ ಯಾರ ಸಲುವಾಗಿ ಇಟ್ಟೀದಿ?”

“ಟೀಚರಮ್ಮನ ಕಣ್ಣಿನ ಸಲುವಾಗಿ.”

“ಮತ್ತ ಆಕಿ ಕಣ್ಣಿನ ಪಾಲು ಕಸಗೊಂಡು ಉಣ್ಣೋವಷ್ಟು ಬಡವನೇನು ನಮ್ಮ ದೇವರು ವಿರೂಪಾಕ್ಷಪ್ಪ?”

ಅವರು ಮೊರ ಕೆಳಗಿಟ್ಟರು.

“ಹಂಗ ಬಡಿದು ಆರಿಸಬ್ಯಾಡ. ಮೊದ್ಲು ದೇವರ ಮುಂದ ಖರೇ ದೀಪ ಹಚ್ಚು. ಸಂಕಲ್ಪ ಅದಕ್ಕ ಒಪ್ಪಿಸು. ಆಮ್ಯಾಲ ಇದನ್ನ ಶಾಂತ ಮಾಡು. ನಾಳೆ ನೀ ಬರೋತನ ಎಣ್ಣಿ ನಾ ಹಾಕ್ತಿರ್ತೀನಿ. ನಂದೇನು, ಕುಂತ ಕೆಲಸ.”

ಹಾಗೇ ಮಾಡಿದೆ. ದೊಡ್ಡ ಸಮೆಯಲ್ಲಿ ತುಂಬ ಎಣ್ಣೆ ಹಾಕಿ ದೀಪ ಹಚ್ಚಿ, ಕೈ ಮುಗಿದು ವಿಷಯ ಅರಿಕೆ ಮಾಡಿಕೊಂಡೆ. ಯಂತ್ರದ ಮುಂದೆ ಬಂದು ಕೂತು, ಪರದೆಯ ದೀಪಕ್ಕೂ ಕೈ ಮುಗಿದು, ಶಾಂತ ಮಾಡಿದೆ.

ಮೂಲೆಯ ಗುರುತು ಸಾವಿರದ ಆರುನೂರರಿಂದ ಸಾವಿರಕ್ಕೆ, ಅಲ್ಲಿಂದ ಆರುನೂರಕ್ಕೆ ಇಳಿಯಿತು. ಪುಟ ಸರಿಸಿದೆ, ಪಟ್ಟನೆ ಏರಿ ಅಕ್ಷರಗಳನ್ನು ಬರೆದು ಮತ್ತೆ ಇಳಿಯಿತು. ತಡವರಿಕೆ ಇಲ್ಲ. ಚಾರ್ಜರ್ ತೆಗೆದು ಬ್ಯಾಟರಿಯ ಫೈಲು ನೋಡಿದೆ. ಓದುತ್ತ ಕೂತಾಗ ಖರ್ಚು ಸಾವಿರದ ನೂರಿಪ್ಪತ್ತು. ಗುರುವಾರದ್ದರ ಅರ್ಧ. ಎರಡು ಗಂಟೆಗೆ ಎಂಟು ನಿಮಿಷ ಕಡಿಮೆ. ಪರದೆಯ ಬೆಳಕನ್ನು ಒಂದು ಕೂದಲೆಳೆಯಷ್ಟೂ ಇಳಿಸಿರಲಿಲ್ಲ.

ಶನಿವಾರ ಬುಕ್ಕಸಾಗರದಲ್ಲಿ ಯಂತ್ರ ಹಚ್ಚಿದಾಗ ಅಭ್ಯಾಸಬಲದಿಂದ ದೀಪವೂ ಹತ್ತಿಕೊಂಡಿತು. ಇನ್ನೊಂದು ಸಲ ಕೈ ಮುಗಿದು ಶಾಂತ ಮಾಡಿ, ಗವರ್ನರಿಗೆ ಬರೆದು, ಗುರುತು ಇಳಿಯುವುದನ್ನು ಕಂಡು, ಟೀಚರಮ್ಮನ ಕಡೆ ತಿರುಗಿಸಿದೆ.

“ಪೂಜಿ ಮುಗೀತೇನು?”

“ಮುಗೀತ್ರಿ. ಓದ್ರಿ.”

ಓದಿದರು. ನಾನು ಗುಂಡಿ ಒತ್ತುವುದು, ಅವರು ಓದುವುದು, ತಪ್ಪು ಕಂಡಲ್ಲಿ ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟುವುದು. ಒಣಶುಂಠಿಯ ಕಡೆ ಒಂದು ತಟ್ಟು. ಅಳವಿಕಾಳಿನ ಕಡೆ ಒಂದು. ಅಂಟಿನುಂಡೆಯ ಪಾಕದಲ್ಲಿ ನಾನು ಒಂದು ಸಾಲನ್ನೇ ನುಂಗಿದ್ದೆ, ಅಲ್ಲಿ ಜೋರಾಗಿ ತಟ್ಟಿದರು. “ಬೆಲ್ಲ ಎಲ್ಲಿ? ಹೊತ್ತುಗೊಂಡು ಹೋದ್ಯಾ ಮನೀಗೆ?” ಜೊತೆಗಿದ್ದ ಅವರ ತಂಗಿ ಮಜ್ಜಿಗೆ ತಂದಿಟ್ಟರು, ಕುಡಿಯಲು ಯಾರೂ ಕೈ ಚಾಚಲಿಲ್ಲ. ಹೊರಗೆ ಗದ್ದೆಯ ಕಡೆಯಿಂದ ಗಾಳಿ ತಂಪಾಗಿ ಬರುತ್ತಿತ್ತು. ನನ್ನ ಕಣ್ಣು ಮೂಲೆಯಲ್ಲೇ. ಆರುನೂರು. ಏರಿತು, ಇಳಿಯಿತು. ಆರುನೂರು.

ಹದಿನೈದನೆಯ ಪುಟಕ್ಕೆ ಅವರು ಕಣ್ಣು ಮುಚ್ಚಿ ಕೂತರು. ಸಾಕು ಅನ್ನುತ್ತಾರೇನೋ ಅಂದುಕೊಂಡೆ. “ನಾ ಕಣ್ಣು ಮುಚ್ಚಿದಾಗ ನಿನ್ನ ಯಂತ್ರ ಏನ್ ಮಾಡ್ತೈತಿ?” ಅಂತ ಕೇಳಿದರು.

“ಅದೂ ಸುಮ್ಮನ ಕುಂತೈತ್ರಿ. ಭಾಳ ಕಡಿಮಿ ತಿಂತೈತಿ ಈಗ.”

“ಶಾಣ್ಯಾ ಐತಿ,” ಅಂದು ಕಣ್ಣು ತೆರೆದರು.

ಕೊನೆಯ ಪುಟದ ಕೊನೆಯ ಸಾಲು ಮುಗಿದಾಗ ನಾನು ಮೊದಲು ಮಾಡಿದ್ದು ಫೈಲನ್ನು ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಕಿತ್ತು ರವಿಕೆಯೊಳಗೆ ಸಿಕ್ಕಿಸಿದ್ದು. ಆಮೇಲೆ ಬ್ಯಾಟರಿ ನೋಡಿದೆ. ಐದು ನಿಮಿಷದಷ್ಟು ಉಳಿದಿತ್ತು.

“ಎಲ್ಲಾ ಆತು ಟೀಚರಮ್ಮ. ಬಂದ್ ಮಾಡ್ಲ್ಯಾ?”

“ಇನ್ನ ಐತೇನು ಅದರಾಗ?”

“ಐದು ನಿಮಿಷ ಐತ್ರಿ.”

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತ ಕೂತರು. ಐದನೇ ಕ್ಲಾಸಿನಲ್ಲಿ ನಾವು ಯಾರೂ ಕಾಣದಿದ್ದ ಒಂದು ನಾಚಿಕೆ ಮುಖದ ಮೇಲೆ ಬಂತು.

“ಮೊದಲ್ನೇ ಹಾಳಿ ತೋರ್ಸು. ಹೆಸ್ರು ಇರೋದು.”

ಮೊದಲ ಹಾಳೆಗೆ ಹೋದೆ. ಅಕ್ಷರ ಇನ್ನೂ ಹಿಗ್ಗಿಸಿದೆ, ಪುಸ್ತಕದ ಹೆಸರು ಮೇಲೆ ಸರಿದುಹೋಗಿ ಅವರ ಹೆಸರೊಂದೇ ಪರದೆಯ ತುಂಬ ನಿಂತಿತು. ಅವರು ಮೂಗು ತಾಗುವಷ್ಟು ಹತ್ತಿರ ಬಂದರು. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು, ಮಕ್ಕಳಿಗೆ ತಿದ್ದಿಸುವ ಹಾಗೆ. ನಾನು ಗುಂಡಿ ಮುಟ್ಟಲಿಲ್ಲ. ಮೂರು ದಿನ ಒಂದೊಂದಾಗಿ ಕೂಡಿಟ್ಟ ನಿಮಿಷಗಳಲ್ಲಿ ಉಳಿದವು ಅವು, ಅವರಿಗೆ ಸೇರಿದವು.

“ನಲವತ್ತು ವರ್ಷ ದಿನಾ ಮಂದಿ ಮಕ್ಕಳ ಹೆಸ್ರು ಕೂಗೀನಿ,” ಅಂದರು ಪರದೆಯಿಂದ ಮುಖ ತೆಗೆಯದೆ. ಆಮೇಲೆ ಕ್ಲಾಸಿನ ದನಿಯಲ್ಲಿ, ತಮ್ಮ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಿದರು. ತಾವೇ ಸಣ್ಣ ದನಿಯಲ್ಲಿ ಉತ್ತರ ಕೊಟ್ಟರು.

“ಹಾಜರ್ ರೀ.”

ಪರದೆ ಕಪ್ಪಾಗುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು. ಆಮೇಲೆ ಮಜ್ಜಿಗೆ ಕುಡಿದೆವು.

ಎರಡು ಗಂಟೆಯ ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಪ್ರೆಸ್ಸಿನವರ ಕೈಗೆ ಪೆನ್‌ಡ್ರೈವ್ ಕೊಟ್ಟು, ತಿದ್ದಿದ ಪುಟಗಳು ಬಂದಿವೆಯೇ ಎಂದು ಅವರ ಕಂಪ್ಯೂಟರಿನಲ್ಲಿ ನನ್ನ ಕಣ್ಣಾರೆ ನೋಡಿ, ಬೆಲ್ಲದ ಸಾಲು ಇದೆಯೆಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದೆ. ಐತವಾರ ನಸುಕಿಗೆ, ಲಾರಿಗಳ ದೂಳು ಏಳುವ ಮೊದಲೇ, ಟೀಚರಮ್ಮ ಬಳ್ಳಾರಿಗೆ ಹೊರಡುವವರು, ದಾರಿಯಲ್ಲಿ ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸಿ ದೋಸೆ ಕಟ್ಟಿಸಿಕೊಳ್ಳುತ್ತೇನೆ ಅಂದಿದ್ದರು. ಕೈಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿ ಮತ್ತು ಉದ್ದಿನಬೇಳೆ ಅಳೆದು ನೆನೆಹಾಕಲು ಒಳಗೆ ಹೋದೆ.